ಇಂಜಿನ್ನಿನ ಉಸಿರಿಗೊಂದು ಡಬ್ಬಿ

ನಮ್ಮತ್ತೆಗೆ ಇನ್ನು ಮುಂದೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದು ಕಲಬುರಗಿಯ ಡಾಕ್ಟರು ಹೇಳಿದಾಗ ನಮ್ಮ ಮನೆಯಲ್ಲಿ ಕಾರಿರಲಿಲ್ಲ. ನನಗೆ ಓಡಿಸಲೂ ಬರುತ್ತಿರಲಿಲ್ಲ. ನಮ್ಮದು ಆಳಂದ. ನಾನು ಮನೆಯಲ್ಲೇ ಮಷಿನ್ ಇಟ್ಟುಕೊಂಡು ಕುಪ್ಪಸ ಹೊಲಿಯುವವಳು. ನನ್ನ ಯಜಮಾನರು ಬಸ್ ಡ್ರೈವರು. ಪುಣೆ ಕಡೆಯ ದೂರದ ಗಾಡಿ ಅವರದು. ಊರವರನ್ನೆಲ್ಲ ಹೊತ್ತು ತಿರುಗುವ ಮನುಷ್ಯನಿಗೆ ತನ್ನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬುಧವಾರವೂ ರಜೆ ಸಿಗುತ್ತಿರಲಿಲ್ಲ, ಶನಿವಾರವೂ ಸಿಗುತ್ತಿರಲಿಲ್ಲ.

ಮೊದಲ ಒಂದೂವರೆ ತಿಂಗಳು ಬಸ್ಸಿನಲ್ಲೇ ಓಡಾಡಿದೆವು. ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಅತ್ತೆಯ ಕಾಲಲ್ಲಿ ಜೀವವೇ ಇರುತ್ತಿರಲಿಲ್ಲ. ಒಂದು ಸಲ ಸೀಟು ಸಿಗದೆ ಬಸ್ಸಿನ ನೆಲದ ಮೇಲೆ ಕೂತುಬಿಟ್ಟರು. ಅದನ್ನು ಕೇಳಿದ ವಾರದಲ್ಲೇ ಯಜಮಾನರು ಪರಿಚಯದವರ ಹತ್ತಿರ ಒಂದು ಹಳೆಯ ಡೀಸೆಲ್ ಕಾರು ಹಿಡಿದು ತಂದರು. ಡ್ಯೂಟಿ ಇಲ್ಲದ ದಿನ ಖಾಲಿ ಹೊಲದಲ್ಲಿ ನನಗೆ ಓಡಿಸುವುದನ್ನು ಕಲಿಸಿದರು. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ.

"ಸೂಜಿಗಿ ದಾರ ಹಾಕಾಕಿ ಕೈಯಾಗ ನನ್ನ ಜೀವ ಕೊಡಾಕತ್ತೀಯೇನೋ?" ಎಂದು ಮಗನನ್ನು ಕೇಳಿದರು.

ಆದರೂ ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಸೀಟನ್ನು ಎರಡೂ ಕೈಯಿಂದ ಅವಚಿಕೊಂಡು, ಆಳಂದದಿಂದ ಕಲಬುರಗಿಯವರೆಗೆ ದೇವರ ಹೆಸರನ್ನೂ ನನ್ನ ಹೆಸರನ್ನೂ ಒಂದಾದ ಮೇಲೊಂದು ಕೂಗುತ್ತ ಬಂದರು. ಎರಡು ತಿಂಗಳಲ್ಲಿ ದೇವರ ಹೆಸರು ಸಾಕಷ್ಟು ಕಡಿಮೆಯಾಯಿತು.

ಆಗ ಕಾರಿಗೆ ರೋಗ ಬಂತು. ಹಿಂದಿನಿಂದ ನೀಲಿ ಹೊಗೆ, ಮುಂದೆ ಬಾನೆಟ್ಟಿನೊಳಗೆಲ್ಲ ಜಿಡ್ಡು. ಆಯಿಲ್ ಹಾಕಿದಷ್ಟೂ ಇಳಿಯುತ್ತಿತ್ತು. ನಮ್ಮ ಮೆಕ್ಯಾನಿಕ್ ಇಂಜಿನ್ನಿನ ಮೇಲಿಂದ ಗಾಳಿಯ ಪೈಪಿಗೆ ಹೋಗುವ ಒಂದು ರಬ್ಬರ್ ನಳಿಕೆ ಬಿಚ್ಚಿ ತೋರಿಸಿದ. ಅದರೊಳಗೆ ಕಪ್ಪೆಣ್ಣೆ ತುಂಬಿತ್ತು.

"ಇದು ಇಂಜಿನ್ನಿನ ಉಸಿರಿನ ಪೈಪ್ ನೋಡ್ರಿ ಅಕ್ಕಾರ, ಬ್ರೀದರ್ ಅಂತಾರ. ಒಳಗ ಪಿಸ್ಟನ್ ರಿಂಗ್ ಸವದಾವ. ಸವದಲ್ಲಿಂದ ಹೊಗಿ ಕೆಳಗ ನುಗ್ಗತದ, ಹೋಗ್ತಾ ಎಣ್ಣಿನೂ ಎಳಕೊಂಡು ಇದ್ರಾಗಿಂದ ಹೊರಗ ಬರ್ತದ. ಅದೇ ಎಣ್ಣಿ ಮತ್ತ ಗಾಳಿ ಜೋಡಿ ಇಂಜಿನ್ ಕುಡೀತದ, ಸುಡ್ತದ. ಪೂರಾ ಬಿಚ್ಚಬೇಕ್ರಿ. ಮೂರು ವಾರ ಗಾಡಿ ಬಿಡ್ರಿ ನನ್ನ ಹಂತ್ಯಾಕ."

ಮೂರು ವಾರವೆಂದರೆ ಆರು ಡಯಾಲಿಸಿಸ್. ನಾನು ಆಗುವುದಿಲ್ಲ ಎಂದೆ. ಅವನು ತನಗೆ ತಿಳಿದ ಉಪಾಯ ಮಾಡಿದ. ಆ ನಳಿಕೆಯನ್ನು ಗಾಳಿಯ ಪೈಪಿನಿಂದ ಬಿಡಿಸಿ, ತೂತನ್ನು ಮುಚ್ಚಿ, ನಳಿಕೆಯ ತುದಿಯನ್ನು ಕಾರಿನ ಕೆಳಗೆ ಇಳಿಬಿಟ್ಟ. ನೀಲಿ ಹೊಗೆ ನಿಂತಿತು. ಆದರೆ ಗಾಡಿ ನಿಧಾನವಾದಾಗಲೆಲ್ಲ ಸುಟ್ಟೆಣ್ಣೆಯ ಕಮಟು ಕೆಳಗಿನಿಂದೆದ್ದು ಒಳಗೇ ಬರತೊಡಗಿತು. ಗಟ್ಟಿಮುಟ್ಟಾದವರಿಗೇ ತಲೆ ತಿರುಗುವ ವಾಸನೆ. ಡಯಾಲಿಸಿಸ್ ಮುಗಿಸಿ ಬಂದ ಅತ್ತೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು. ಮುಂದಿನ ಸಲವೂ ಹಾಗೇ ಆಯಿತು. ಮೂರನೆಯ ಸಲ ಮನೆಗೆ ಬಂದವರೇ, "ಸಾಕು ಬೇ, ನಾ ಇನ್ನ ಹೋಗಂಗಿಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ನನಗೆ ಭಯವಾದದ್ದು ಆಗ. ವಾಸನೆ ನೆಪವಾಗಿ ಅವರು ನಿಜವಾಗಿಯೂ ಆಸ್ಪತ್ರೆ ಬಿಟ್ಟರೆ?

ಯಜಮಾನರಿಗೆ ಫೋನ್ ಮಾಡಿದೆ. ಲಾರಿಯವರು ಆ ನಳಿಕೆಯ ತುದಿಗೆ ಬಾಟ್ಲಿ ಕಟ್ಟುತ್ತಾರೆ, ಎಣ್ಣೆ ಅದರಲ್ಲಿ ಬೀಳುತ್ತದೆ ಎಂದರು. "ಆದ್ರ ವಾಸನಿ ನಿಲ್ಲಂಗಿಲ್ಲ. ಬಂದ್ ಡಬ್ಬಿನೇ ಬೇಕು. ಒಂದು ಕಡಿಯಿಂದ ಇಂಜಿನ್ನಿನ ಉಸಿರು ಒಳಗ ಬರಬೇಕು, ಎಣ್ಣಿ ತಳಕ್ಕ ಕೂಡಬೇಕು, ಬರೇ ಗಾಳಿ ಇನ್ನೊಂದು ಪೈಪಿನಾಗಿಂದ ವಾಪಸ್ ಇಂಜಿನ್ನಿಗಿ ಹೋಗಬೇಕು," ಎಂದು ವಿವರಿಸಿದರು. ಮೊಬೈಲಿನಲ್ಲಿ ಹುಡುಕಿದೆ. ಕೆಂಪು, ನೀಲಿ ಬಣ್ಣದ ಹೊಳೆಯುವ ಡಬ್ಬಿಗಳು ಬೇಕಾದಷ್ಟಿದ್ದವು. ಬಾನೆಟ್ ತೆಗೆದು ನನ್ನ ಅಳತೆಪಟ್ಟಿ ಹಿಡಿದು ನೋಡಿದರೆ ನಮ್ಮ ಕಾರಿನಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಸೊಟ್ಟ ಮೂಲೆ. ಆ ಮೂಲೆಗೆ ಕೂಡುವ ಡಬ್ಬಿ ಒಂದೂ ಇರಲಿಲ್ಲ.

ಕೊಂಡ ಕುಪ್ಪಸ ಮೈಗೆ ಹಿಡಿಯದಿದ್ದರೆ ಹೊಲಿಸಿಕೊಳ್ಳುವುದೇ ದಾರಿ. ಹಳೆಯ ಪೇಪರ್ ತೆಗೆದುಕೊಂಡು ಆ ಮೂಲೆಯ ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಮಡಚಿ, ಅಂಟು ಹಚ್ಚಿ ಒಂದು ಕಾಗದದ ಡಬ್ಬಿ ಮಾಡಿದೆ. ಅದನ್ನು ಹಿಡಿದು ನಮ್ಮೂರಿನ ಪೇಟೆಯಲ್ಲಿ ಟ್ರಂಕು, ಕಾಳಿನ ಡಬ್ಬ ಮಾಡುವ ತಗಡಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಬಿಳಿಗಡ್ಡದ ಮನುಷ್ಯ, ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಕಾಗದದ ಡಬ್ಬಿಯನ್ನು ಅಂಗೈ ಮೇಲಿಟ್ಟುಕೊಂಡು ಸುತ್ತ ತಿರುಗಿಸಿ ನೋಡಿದರು.

"ಯಾ ಅಲ್ಲಾ! ಇಷ್ಟು ವರ್ಷದಾಗ ಗಿರಾಕಿ ಯಾರೂ ನನಗ ಕಟಿಂಗ್ ಮಾಡಿ ತಂದು ಕೊಟ್ಟಿಲ್ಲ ಬೇಟಿ."

"ಆಗ್ತದೇನ್ರಿ ಚಾಚಾ?" ಎಂದು ಕೇಳಿ, ಅತ್ತೆ ಪಡುತ್ತಿರುವ ಪಾಡನ್ನೂ ಹೇಳಿದೆ.

"ಗಾಡಿ ಕೆಲಸ ನನಗ ಗೊತ್ತಿಲ್ಲ. ಡಬ್ಬಿ ಗೊತ್ತದ. ಅಮ್ಮಾರಿಗಿ ತ್ರಾಸ ಆಗ್ಯಾದಂದ್ರ ಮಾಡಿ ಕೊಡ್ತೇನಿ."

ಎರಡು ದಿನದಲ್ಲಿ ಮಾಡಿಕೊಟ್ಟರು. ಬೆಸುಗೆ ನೋಡಲು ಎಷ್ಟು ಚೆಂದವೆಂದರೆ ಅಡುಗೆಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಮೆಕ್ಯಾನಿಕ್ ಮೊದಲು ನಕ್ಕ, ಆಮೇಲೆ ಜೋಡಿಸಿಕೊಟ್ಟ. ವಾಸನೆ ಹೋಯಿತು. ಅತ್ತೆಯನ್ನು ಎಬ್ಬಿಸಿ ಕಾರಿನ ಸುತ್ತ ಒಂದು ಸುತ್ತು ತಿರುಗಿಸಿ, ಮೂಸಿ ನೋಡಿ ಎಂದೆ. ಮೂಸಿದರು. ಶನಿವಾರ ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ ಕೂತರು. ಅಷ್ಟೇ ನನಗೆ ಸಾಕಾಗಿತ್ತು.

ಆದರೆ ಹದಿನೈದು ದಿನಕ್ಕೆ ನೀಲಿ ಹೊಗೆ ಮತ್ತೆ ಕಾಣಿಸಿತು. ಡಬ್ಬಿಯ ಒಳಗೆ ಬಂದ ಎಣ್ಣೆಯ ಹನಿ ತಳಕ್ಕೆ ಬೀಳದೆ ಎದುರಿನ ಪೈಪಿನಿಂದ ಸೀದಾ ಹೊರಟುಹೋಗುತ್ತಿತ್ತು. ತಡೆಯಲು ಒಳಗೆ ಏನಾದರೂ ಇರಬೇಕು ಅನ್ನಿಸಿತು. ಯಾರನ್ನೂ ಕೇಳದೆ, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ನಾಲ್ಕು ತಂದು, ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗೆ ದಿಂಬಿಗೆ ಹತ್ತಿ ತುರುಕಿದಂತೆ ತುರುಕಿದೆ. ಈ ತಪ್ಪು ಪೂರ್ತಿ ನನ್ನದು.

ಬುಧವಾರ ಕಡಗಂಚಿ ಸಮೀಪಿಸುವಾಗ ಬಾನೆಟ್ಟಿನೊಳಗೆ ಟಪ್ಪೆಂದು ಸದ್ದಾಯಿತು. ಹಿಂದೆಯೇ ದಟ್ಟ ಬಿಳಿ ಹೊಗೆ. ಎದುರಿನ ಗಾಜಿನಲ್ಲಿ ರಸ್ತೆಯೇ ಕಾಣದಾಯಿತು. ಕಾರನ್ನು ರಸ್ತೆಯ ಬದಿಗೆ ಹೇಗೆ ತಂದೆನೋ ಇವತ್ತಿಗೂ ಗೊತ್ತಿಲ್ಲ. ಇಂಜಿನ್ ಬಂದ್ ಮಾಡಿ, ಹಿಂದಿನ ಬಾಗಿಲು ತೆಗೆದು, ಅತ್ತೆಯನ್ನು ಅನಾಮತ್ತಾಗಿ ಎತ್ತಿ ಬೇವಿನ ಗಿಡದ ಕೆಳಗೆ ಕೂಡಿಸಿದೆ. ಇಂಜಿನ್ನಿನ ಉಸಿರು ಹೋಗಲು ದಾರಿಯಿಲ್ಲದೆ ಒಳಗೇ ಒತ್ತಡ ಏರಿ, ಎಣ್ಣೆ ಅಳೆಯುವ ಕಡ್ಡಿಯನ್ನು ಒದ್ದು ಹೊರಗೆ ಹಾಕಿತ್ತು. ಆ ತೂತಿನಿಂದ ಎಣ್ಣೆ ಚಿಮ್ಮಿ ಕಾದ ಇಂಜಿನ್ನಿನ ಮೇಲೆ ಬಿದ್ದು ಹೊಗೆಯಾಗಿತ್ತು. ಬೆಂಕಿ ಹತ್ತದಿದ್ದದ್ದು ನಮ್ಮ ಪುಣ್ಯ.

ಡಯಾಲಿಸಿಸ್‌ನ ಹೊತ್ತು ತಪ್ಪಿದರೆ ಆ ದಿನ ಮತ್ತೆ ಮಷಿನ್ ಖಾಲಿ ಸಿಗುವುದಿಲ್ಲ. ಏನು ಮಾಡಲಿ ಎಂದು ರಸ್ತೆ ನೋಡುತ್ತಿದ್ದಾಗ, ಸ್ವಲ್ಪ ಮುಂದೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಬುರ್ಖಾ ಎತ್ತಿ ಹಿಡಿದು ಬೇಗ ಬೇಗ ನಮ್ಮ ಕಡೆ ಬಂದರು. ಗುರುತು ಹತ್ತಿತು. ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕದ ಹಾಸಿಗೆಯವರು. ಎರಡು ತಿಂಗಳಿಂದ ಇಬ್ಬರೂ ಕೈಗೆ ಸೂಜಿ ಚುಚ್ಚಿಸಿಕೊಂಡು ಅಕ್ಕಪಕ್ಕ ಮಲಗುತ್ತಿದ್ದರೂ, ನೀರು ಕುಡಿಯಬಾರದ ಸಂಕಟ ಒಂದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವರು ಕಡಗಂಚಿಯವರೆಂಬುದೂ ನನಗೆ ಗೊತ್ತಿರಲಿಲ್ಲ.

"ಗಾಡಿ ಹಂಗೇ ಇರಲಿ, ಮದ್ಲ ಅಕ್ಕಾಗ ಎಬ್ಬಸು," ಎಂದರು ನನಗೆ. ಆಮೇಲೆ ರಸ್ತೆಯ ನಡುವೆಯೇ ನಿಂತು ಎರಡೂ ಕೈ ಚಾಚಿ ಒಂದು ಜೀಪು ನಿಲ್ಲಿಸಿದರು. ಜಾಗವಿಲ್ಲ ಎಂದ ಡ್ರೈವರನಿಗೆ, "ನಾವಿಬ್ರೂ ಬೀಮಾರಿ ಮಂದಿ, ನಿನ್ನ ಜೀಪಿನಾಗ ಏನಾರ ಆದ್ರ ನಿನಗೇ ಭಾರ. ಜಲ್ದಿ ಮುಟ್ಟಸು," ಎಂದು ಗದರಿದರು. ಮುಂದಿನ ಸೀಟಿನ ಗಂಡಸರಿಬ್ಬರು ತಾವಾಗಿಯೇ ಇಳಿದು ಹಿಂದೆ ಜೋತುಬಿದ್ದರು. ನಾನೂ ಬರುತ್ತೇನೆ ಎಂದರೆ ಜಾಗವಿಲ್ಲ.

"ನೀ ಚಿಂತಿ ಮಾಡಬ್ಯಾಡ. ನಾ ಇದ್ದೇನಲ್ಲ," ಎಂದರು ಅವರು.

ತಾನೇ ರೋಗಿಯಾದ ಆ ಹೆಂಗಸು ನಮ್ಮತ್ತೆಯನ್ನು ಆಸ್ಪತ್ರೆಗೆ ಮುಟ್ಟಿಸಿ, ಚೀಟಿ ಮಾಡಿಸಿ, ಹಾಸಿಗೆಯ ಮೇಲೆ ಮಲಗಿಸಿ, ಆಮೇಲೆ ತಾವು ಮಲಗಿದರಂತೆ. ಕಾರನ್ನು ಮೆಕ್ಯಾನಿಕ್‌ನ ಸುಪರ್ದಿಗೆ ಕೊಟ್ಟು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಇಬ್ಬರೂ ಜೋಳದ ರೊಟ್ಟಿಯ ಬಗ್ಗೆ ವಾದ ಮಾಡುತ್ತಿದ್ದರು. ನಾನು ಆಸ್ಪತ್ರೆಯ ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಕಣ್ಣೀರು ಹಾಕಿದೆ.

ಮರುದಿನ ತಗಡಿನ ಚಾಚಾರಿಗೆ ನಡೆದದ್ದನ್ನು ಹೇಳಿದೆ. ಅವರ ಮುಖ ಬಾಡಿತು. "ನಂದೇ ತಪ್ಪು ಬೇಟಿ. ಹಂತ್ಯಾಕ ಇದ್ದ ಸಣ್ಣ ಪೈಪೇ ಹಾಕಿದೆ. ದೊಡ್ಡದು ಹುಡುಕಬೇಕಿತ್ತು." ಜುಂಗು ತುರುಕಿದ್ದು ನಾನು ಎಂದೆ. ಹಾಗಲ್ಲ, ಪೈಪು ಸಣ್ಣದಿತ್ತು ಎಂದರು ಅವರು. ತಪ್ಪು ನನ್ನದು ತನ್ನದು ಎಂದು ಒಂದಷ್ಟು ಹೊತ್ತು ಜಗ್ಗಾಡಿದೆವು. ಕೊನೆಗೆ ಅವರು ಜೇವರ್ಗಿಯಲ್ಲಿ ಲೇಥ್ ಮಷಿನ್ ಇಟ್ಟುಕೊಂಡಿರುವ ಒಬ್ಬರ ಹೆಸರು ಹೇಳಿದರು. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಯಾವುದರ ಯಾವ ಭಾಗ ಮುರಿದರೂ ಮಾಡಿಕೊಡುವ ಮನುಷ್ಯ. "ಭಾನುವಾರ ಹೋಗೋಣ. ನಾನೂ ಬರ್ತೇನಿ. ನಾ ಕೆಡಿಸಿದ್ದು ನಾನೇ ನಿಂತು ಸರಿ ಮಾಡಸ್ತೇನಿ."

ಹೀಗೆ ಭಾನುವಾರ ನಾವು ಮೂವರು ಹೊರಟೆವು. ಮೆಕ್ಯಾನಿಕ್ ಡಬ್ಬಿಯನ್ನು ಬಿಡಿಸಿ ಕೊಟ್ಟಿದ್ದರಿಂದ ನಳಿಕೆ ಮತ್ತೆ ಕೆಳಗೆ ಜೋತುಬಿದ್ದಿತ್ತು. ನಾಲ್ಕೂ ಕಿಟಕಿ ತೆರೆದಿದ್ದೆವು, ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಕೂತಿದ್ದರು. ಮನೆಯಲ್ಲೇ ಇರಿ ಎಂದರೆ ಅವರು ಒಪ್ಪಿರಲಿಲ್ಲ. "ನನ್ನ ಸಲುವಾಗಿ ಮಾಡಸೋ ಡಬ್ಬಿ. ನಾ ನೋಡಬ್ಯಾಡೇನು?"

ಲೇಥಿನವರು ಮಾತು ಕಡಿಮೆಯ ಮನುಷ್ಯ. ಇಂಜಿನ್ ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು, ತೂತಿನ ಮೇಲೆ ಅಂಗೈ ಹಿಡಿದು ಕಣ್ಣು ಮುಚ್ಚಿ ನಿಂತರು. ನಾಡಿ ನೋಡುವ ವೈದ್ಯರು ನಿಂತಂತೆಯೇ ಇತ್ತು.

"ಉಸಿರು ಜೋರದ. ಆದ್ರ ಇನ್ನೂ ಜೀವ ಗಟ್ಟಿ ಅದ," ಎಂದರು. ಆಮೇಲೆ ಕೇಳಿದರು: ವಾರಕ್ಕೆ ಎಷ್ಟು ಸಲ ಓಡುತ್ತದೆ, ಎಷ್ಟು ವೇಗ, ಯಾರು ಕೂಡುತ್ತಾರೆ. ಯಾರು ಕೂಡುತ್ತಾರೆ ಎಂದು ಅದುವರೆಗೆ ಯಾವ ಮೆಕ್ಯಾನಿಕ್ಕೂ ಕೇಳಿರಲಿಲ್ಲ. ಅತ್ತೆ ತಮ್ಮ ಕೈಯ ಮೇಲೆ ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಉಬ್ಬಿದ ನರವನ್ನು ತೋರಿಸಿದರು. ಲೇಥಿನವರು ಅದನ್ನು ನೋಡಿ, ನನ್ನ ತಗಡಿನ ಡಬ್ಬಿ ಬಿಚ್ಚಿ ಜುಂಗನ್ನು ಹೊರಗೆಳೆದರು.

"ಇದರ ಎಳಿ ಕಡಕೊಂಡು ಇಂಜಿನ್ನಿನಾಗ ಹೋಗಿದ್ರ ಮುಗೀತಿತ್ತು ತಂಗಿ. ದಪ್ಪ ತಂತಿ ಜಾಲಿ ಹಾಕಬೇಕು, ಸಡ್ಲ ಹಾಕಬೇಕು. ಮತ್ತ ಇಂಜಿನ್ನಿನ ಪೈಪ್ ಎಷ್ಟು ದಪ್ಪ ಅದನೋ ಡಬ್ಬಿ ಪೈಪ್ ಅಷ್ಟೇ ಇರಬೇಕು. ಸಣ್ಣದು ಆಗಬಾರದು."

ಡಬ್ಬಿಯನ್ನು ಎಲ್ಲಿ ಕೂಡಿಸುವುದು ಎಂಬ ಮಾತು ಬಂತು. ನನ್ನ ಸೊಟ್ಟ ಮೂಲೆ ಇಂಜಿನ್ನಿಗೆ ಹತ್ತಿಕೊಂಡೇ ಇತ್ತು. ಆಗ ಕುರ್ಚಿಯ ಮೇಲೆ ಕೂತಿದ್ದ ಅತ್ತೆ ಬಾಯಿ ಹಾಕಿದರು.

"ಅನ್ನ ಕುದಿಯಾಗ ಮುಚ್ಚಳದಾಗ ನೀರು ಕೂಡತದಲ್ರಿ, ಯಾಕ? ಮುಚ್ಚಳ ತಣ್ಣಗಿರ್ತದ ಅಂತ. ಒಲಿ ಬಾಜೂಕ ಇಟ್ರ ಆ ಡಬ್ಬಿ ಹ್ಯಾಂಗ ಎಣ್ಣಿ ಹಿಡೀತದ? ಗಾಳಿ ಬಡಿಯೋ ಕಡಿ ಇಡ್ರಿ."

ಲೇಥಿನವರು ಅವರ ಕಡೆ ತಿರುಗಿ ಮೊದಲ ಸಲ ನಕ್ಕರು. "ಬರೋಬ್ಬರಿ ಹೇಳಿದ್ರಿ ಯವ್ವಾ. ನಾನೂ ಅದೇ ಅನ್ನಾಂವಿದ್ದೆ." ಕಾರಿನ ಮುಂಭಾಗದ ಜಾಲರಿಯ ಹಿಂದೆ, ಓಡುವಾಗ ನೇರ ಗಾಳಿ ತಾಗುವಲ್ಲಿ ಜಾಗ ಹುಡುಕಿದರು. ಅಲ್ಲಿ ಅಗಲ ಕಡಿಮೆಯಿತ್ತು, ಉದ್ದ ಸಾಕಷ್ಟಿತ್ತು. ನಾನು ಅವರ ಮೇಜಿನ ಮೇಲೆ ಹೊಸದಾಗಿ ಪೇಪರ್ ಕತ್ತರಿಸಿದೆ. ಅವರು ಮೂಲೆಯಲ್ಲಿ ಬಿದ್ದಿದ್ದ ದಪ್ಪ ಸ್ಟೀಲ್ ಪೈಪಿನ ತುಂಡನ್ನು ಅಳತೆಗೆ ಕೊಯ್ದರು. ಒಳಗೆ ಅಡ್ಡಲಾಗಿ ಕೂಡಿಸಲು ಮೂರು ತಟ್ಟೆಗಳನ್ನು ಚಾಚಾ ನನ್ನ ಕಾಗದದ ಮೇಲಿಂದ ಕತ್ತರಿಸಿ ಕೊಟ್ಟರು. ಒಂದರ ತೂತು ಎಡಕ್ಕೆ, ಇನ್ನೊಂದರದು ಬಲಕ್ಕೆ. ಹೊಗೆ ಸೀದಾ ಹೋಗದೆ ತಟ್ಟೆಯಿಂದ ತಟ್ಟೆಗೆ ಬಡಿದು, ತಿರುಗಿ, ಎಣ್ಣೆಯನ್ನು ಅಲ್ಲಲ್ಲೇ ಬಿಟ್ಟು ಹೋಗಬೇಕು. ಮೇಲೆ ಸಡಿಲವಾಗಿ ಜಾಲಿ. ತಳದಲ್ಲಿ ಕೂಡಿದ ಎಣ್ಣೆ ಬಿಡಲು ಒಂದು ಪುಟ್ಟ ನಲ್ಲಿ.

ವೆಲ್ಡಿಂಗ್ ನಡೆಯುವಾಗ ಲೇಥಿನವರ ಮನೆಯಾಕೆ ನಮ್ಮನ್ನು ಒಳಗೆ ಊಟಕ್ಕೆ ಕರೆದರು. ಬಿಸಿ ಜೋಳದ ರೊಟ್ಟಿ ಕುಟ್ಟಿ ಮಾಡಿದ ಮುಟಗಿ, ಹುಳಿ ಸೊಪ್ಪಿನ ಪುಂಡಿಪಲ್ಯ. ಅತ್ತೆಗೆ ಉಪ್ಪು ಲೆಕ್ಕ, ನೀರಂತೂ ಇನ್ನೂ ಲೆಕ್ಕ. ಬೆಳಗಿನಿಂದ ಅವರ ಪಾಲಿನ ನೀರು ಮುಗಿದಿತ್ತು. ತುಟಿ ಒಣಗಿ ಬಿಳಿಚಿದ್ದನ್ನು ಆಕೆ ನೋಡಿದರು. ಫ್ರಿಜ್ಜಿನಿಂದ ಬರ್ಫದ ಒಂದೇ ಒಂದು ಚೂರನ್ನು ಬಟ್ಟಲಲ್ಲಿ ತಂದು, "ಬಾಯಾಗ ಇಟಗೊಳ್ರಿ ಯವ್ವಾ, ನುಂಗಬ್ಯಾಡ್ರಿ. ನಮ್ಮವ್ವಗೂ ಹಿಂಗೇ ಕೊಡತಿದ್ದೆ," ಎಂದರು. ಅತ್ತೆ ಕಣ್ಣು ಮುಚ್ಚಿ ಆ ಚೂರನ್ನು ಬಾಯಲ್ಲಿ ಇಟ್ಟುಕೊಂಡರು.

ಸಂಜೆಯ ಬಿಸಿಲಿಗೆ ಡಬ್ಬಿ ಕೂತಿತು. ಲೇಥಿನವರು ಜೇವರ್ಗಿ ದಾಟಿ ಒಂದಷ್ಟು ದೂರ ನನ್ನಿಂದಲೇ ಓಡಿಸಿ, ವಾಪಸು ತಂದು, ಗಾಳಿಯ ಪೈಪಿಗೆ ಸೇರುವ ತುದಿಯನ್ನು ಬಿಚ್ಚಿ ಅದರ ಬಾಯಿಗೆ ಒಂದು ಬಿಳಿ ಕಾಗದ ಹಿಡಿದರು. ಇಂಜಿನ್ ಓಡುತ್ತಿತ್ತು. ಕಾಗದ ಪಟಪಟ ಅಲುಗಾಡಿತು, ಆದರೆ ಅದರ ಮೇಲೆ ಎಣ್ಣೆಯ ಒಂದು ಚುಕ್ಕೆಯೂ ಬೀಳಲಿಲ್ಲ. ಚಾಚಾ ಆ ಕಾಗದವನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, "ಸುಭಾನಲ್ಲಾ," ಎಂದರು.

ಹೊರಡುವಾಗ ಲೇಥಿನವರು ನನ್ನನ್ನು ಪಕ್ಕಕ್ಕೆ ಕರೆದರು. "ತಂಗಿ, ಇದು ಔಷಧ ಅಲ್ಲ. ರಿಂಗ್ ಸವದದ್ದು ಸವದೇ ಅದ. ಎಂಟು ದಿನಕ್ಕೊಮ್ಮಿ ನಲ್ಲಿ ಬಿಟ್ಟು ಎಷ್ಟು ಬಂತು ನೋಡು. ಹೆಚ್ಚಾಗ್ತಾ ಹೋತಂದ್ರ ಇಂಜಿನ್ ಬಿಚ್ಚಾಕೇಬೇಕು. ಅಲ್ಲೀತನಾ ನಡೀತದ." ಖೋಟಾ ಭರವಸೆ ಕೊಡದ ಆ ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ನಡೆಯಿತು. ಹಿಂದಿನ ಸೀಟಿನಿಂದ ಅತ್ತೆ ಮುಂದಿನ ಸೀಟಿಗೆ ಬಂದರು. ಹಿಂದೆ ಈಗ ಅಂದು ಜೀಪು ನಿಲ್ಲಿಸಿದ್ದ ಕಡಗಂಚಿಯ ಹೆಂಗಸು ಕೂಡುತ್ತಿದ್ದರು, ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದ್ದೆ. ಹಾದಿಯಲ್ಲೇ ಊರು, ವಾಸನೆಯಿಲ್ಲದ ಗಾಡಿ, ಇಬ್ಬರದೂ ಒಂದೇ ಹೊತ್ತಿನ ಡಯಾಲಿಸಿಸ್. ಅವರನ್ನು ಬಸ್ಸಿಗೆ ಬಿಟ್ಟು ಹೋಗುವ ಮನಸ್ಸು ಯಾರಿಗೆ ಬಂದೀತು? ಕನ್ನಡ, ಉರ್ದು ಎರಡನ್ನೂ ಕಲಸಿ ಇಬ್ಬರೂ ಸೊಸೆಯಂದಿರನ್ನು ಬೈಯುತ್ತಿದ್ದರು. ನಾನು ಅಲ್ಲೇ ಇದ್ದೇನೆ ಎಂಬುದು ನಮ್ಮತ್ತೆಗೆ ನಡುವೆ ನೆನಪಾಗಿ, "ಇಕಿ ಹಂಗಿಲ್ಲ ಬಿಡ್ರಿ," ಎಂದು ಸೇರಿಸುತ್ತಿದ್ದರು.

ಎಂಟು ದಿನಕ್ಕೊಮ್ಮೆ ನಲ್ಲಿ ಬಿಡುವಾಗ ಅತ್ತೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಕಪ್ಪೆಣ್ಣೆ, ಚಳಿಗಾಲದಲ್ಲಿ ನೀರಿನ ಆವಿಯೂ ಕೂಡಿ ಹಾಲು ಹಾಕಿದ ಚಹಾದಂಥ ಬಣ್ಣದ ಗಸಿ. ಅಷ್ಟೂ ಮೊದಲು ಇಂಜಿನ್ನಿನೊಳಕ್ಕೆ, ಆಮೇಲೆ ನಮ್ಮ ಮೂಗಿಗೆ ಹೋಗುತ್ತಿದ್ದದ್ದು. "ನನಗೂ ಆಸ್ಪತ್ರ್ಯಾಗ ಹಿಂಗೇ ತಗೀತಾರಲ್ಲ," ಎಂದು ಒಮ್ಮೆ ಅಂದರು. ನಾನು ನಲ್ಲಿ ತಿರುಗಿಸಿದೆ.

ಆ ಚಳಿಗಾಲದಲ್ಲಿ ಅವರಿಗೆ ಘತ್ತರಗಿಗೆ ಹೋಗಿ ದೇವಿ ಭಾಗ್ಯವಂತಿಗೆ ಉಡಿ ತುಂಬುವ ಆಸೆಯಾಯಿತು. ಯಜಮಾನರಿಗೆ ರಜೆಯಿದ್ದ ದಿನ ಅಫಜಲಪುರದ ಮೇಲಿಂದ ಹೊರಟೆವು. ಖಾಲಾ ಕೂಡ ನದಿ ನೋಡಲು ಬಂದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಮೆಯ ಹಾಗೆ ಸಾಗಬೇಕಾಯಿತು. ಅಂಥ ಓಟದಲ್ಲೇ ಮೊದಲೆಲ್ಲ ಕಮಟು ಏಳುತ್ತಿದ್ದದ್ದು. ಆ ದಿನ ಕಿಟಕಿಯಿಂದ ಬಂದದ್ದು ಬರೀ ಕಬ್ಬಿನ ಹಸಿ ವಾಸನೆ. ಯಜಮಾನರು ಓಡಿಸುತ್ತೇನೆಂದರೆ ಅತ್ತೆ ಬಿಡಲಿಲ್ಲ. "ನೀ ಬಸ್ ಹೊಡಿಯಾಂವ, ಕುಣಿಸ್ತೀ. ಅಕೀನೇ ಹೊಡೀಲಿ." ಬಸ್ ಡ್ರೈವರು ಬಾಯಿ ಮುಚ್ಚಿಕೊಂಡು ಹಿಂದೆ ಕೂತರು. ಗುಡಿಯಿಂದ ಬಂದು ಅತ್ತೆ ಮತ್ತು ಖಾಲಾ ಭೀಮಾ ನದಿಯ ಮೆಟ್ಟಿಲ ಮೇಲೆ ಕೂತು ಪಾದಗಳನ್ನು ನೀರಲ್ಲಿ ಇಳಿಬಿಟ್ಟರು. ಕುಡಿಯುವಂತಿಲ್ಲ, ಮುಟ್ಟಲು ಅಡ್ಡಿಯಿಲ್ಲ. ಬಹಳ ಹೊತ್ತು ಕೂತಿದ್ದರು. ನಾವು ಅವಸರ ಮಾಡಲಿಲ್ಲ.

ಮುಂದಿನ ವರ್ಷ ಶ್ರಾವಣಕ್ಕೆ ಮೊದಲು ಅತ್ತೆ ಹೋದರು. ಮನೆಯಲ್ಲೇ, ಮಗನ ಕೈ ಹಿಡಿದುಕೊಂಡು, ಬೆಳಗಿನ ಹೊತ್ತು. ಡಯಾಲಿಸಿಸ್ ತಪ್ಪಿ ಹೋದದ್ದಲ್ಲ, ದಾರಿಯಲ್ಲಿ ಹೋದದ್ದಲ್ಲ. ಅದೊಂದು ಸಮಾಧಾನ ನನಗೆ ಸಿಕ್ಕಿತು. ಅದರಲ್ಲಿ ಎಷ್ಟು ಜನರ ಕೈಯಿದೆ ಎಂದು ನೆನೆದಾಗ ಎದೆ ತುಂಬುತ್ತದೆ. ಮಣ್ಣು ಕೊಡಲು ಜೇವರ್ಗಿಯಿಂದ ಆ ಗಂಡಹೆಂಡತಿ ಬಂದಿದ್ದರು. ಚಾಚಾ ಅಂಗಡಿ ಮುಚ್ಚಿ ಇಡೀ ದಿನ ನಮ್ಮ ಬಾಗಿಲಲ್ಲಿ ಕೂತಿದ್ದರು.

ಆಮೇಲೆ ಇಂಜಿನ್ ಬಿಚ್ಚಿಸಿದೆ. ಮೂರು ವಾರ ಕಾರಿಲ್ಲದೆ ಇರಲು ನನಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಖಾಲಾರ ಮಗ ಅಷ್ಟು ದಿನ ಅವರನ್ನು ಬಸ್ಸಿನಲ್ಲಿ ಕರೆದೊಯ್ದ. ಹೊಸ ರಿಂಗು ಬಿದ್ದವು. ಡಬ್ಬಿಯನ್ನು ತೆಗೆಯಲೇ ಎಂದು ಮೆಕ್ಯಾನಿಕ್ ಕೇಳಿದ. ಬೇಡ, ಇರಲಿ ಎಂದೆ. ಈಗ ಅದರಲ್ಲಿ ತಿಂಗಳಿಗೆ ನಾಲ್ಕು ಹನಿಯೂ ಕೂಡುವುದಿಲ್ಲ.

ಹೋದ ವಾರ ಚಾಚಾ ಇಬ್ಬರು ಜೀಪಿನವರನ್ನು ನನ್ನ ಮನೆಗೆ ಕಳಿಸಿದ್ದರು. ಅವರಿಗೂ ಅಂಥದೇ ಡಬ್ಬಿ ಬೇಕಂತೆ. ಮೊದಲು ಅಕ್ಕನ ಹತ್ತಿರ ಕಟಿಂಗ್ ಮಾಡಿಸಿಕೊಂಡು ಬರ್ರಿ ಎಂದಿದ್ದಾರಂತೆ. ಹೊಲಿಗೆಯ ಬಟ್ಟೆ ಪಕ್ಕಕ್ಕೆ ಸರಿಸಿ ಇಬ್ಬರ ಜೀಪಿಗೂ ಪೇಪರ್ ಕತ್ತರಿಸಿ ಕೊಟ್ಟೆ. ಒಳಗೆ ಜುಂಗು ತುರುಕಬೇಡಿ ಎಂದು ಎರಡೆರಡು ಸಲ ಹೇಳಿದೆ. ಬುಧವಾರ, ಶನಿವಾರ ಈಗಲೂ ಹೊಲಿಗೆ ಬಂದ್. ಹೊತ್ತಿಗೆ ಸರಿಯಾಗಿ ಕಡಗಂಚಿ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುತ್ತೇನೆ. ಖಾಲಾ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತು, ಬುರ್ಖಾದ ಅಂಚು ಒಳಗೆ ಎಳೆದುಕೊಂಡು, "ನಡಿ ಬೇಟಿ, ಮಷಿನ್ ಖಾಲಿ ಇಟಗೊಂಡು ಕುಂತಿರ್ತಾರ," ಎನ್ನುತ್ತಾರೆ.